ಸೌರ ಜಲತಾಪಕದಿಂದ ಎಲ್ಲ ನಲ್ಲಿಗಳಿಗೂ ಸಮನಾಗಿ ಬಿಸಿನೀರು ಬಾರದಿದ್ದಲ್ಲಿ: ಕಲಬುರಗಿ ನಗರ ಹಾಗೂ ಕಮಲಾಪುರದ ಗ್ರಾಹಕರಿಗೆ ಮಾಹಿತಿ

ಸೌರ ಜಲತಾಪಕ ಅಳವಡಿಸಿದ ಮನೆಗಳಲ್ಲಿ ಒಂದು ಸ್ನಾನಗೃಹಕ್ಕೆ ಬಿಸಿನೀರು ಬಂದು ಇನ್ನೊಂದಕ್ಕೆ ಉಗುರುಬೆಚ್ಚಗಿನ ನೀರು ಬರುವುದು ಚಳಿಗಾಲದಲ್ಲಿ ಸಾಮಾನ್ಯವಾದ ತೊಂದರೆ. ಫಲಕವೇ ಕೆಟ್ಟಿದೆಯೆಂದು ಭಾವಿಸಿ ಹೊಸದನ್ನು ಕೊಳ್ಳುವುದು ಅಥವಾ ವಿದ್ಯುತ್ ಗೀಸರ್‌ಗೆ ಮರಳುವುದು ಎರಡೂ ಆತುರದ ಕ್ರಮಗಳು. ಒಂದೇ ಟ್ಯಾಂಕಿನ ನೀರು ಒಂದು ನಲ್ಲಿಯಲ್ಲಿ ಬಿಸಿಯಾಗಿದೆಯೆಂದರೆ ಬಿಸಿಲು ತನ್ನ ಕೆಲಸ ಮಾಡಿದೆ. ದೋಷವು ಬಹುತೇಕ ಕೊಳವೆ ಮಾರ್ಗದಲ್ಲಿರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಸೌರ ರಿಯಾಯಿತಿ ಕೋರುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮೊದಲ ಪರೀಕ್ಷೆ

ಬಿಸಿಲಿದ್ದ ದಿನ ಸಂಜೆ 4 ಗಂಟೆಯ ಸುಮಾರಿಗೆ ಸೌರ ಟ್ಯಾಂಕಿಗೆ ಅತಿ ಸಮೀಪದ ನಲ್ಲಿಯಿಂದ ಒಂದು ಬಕೆಟ್ ನೀರು ಹಿಡಿದು ನೋಡಬೇಕು. ಈ ನೀರು 60 ಡಿಗ್ರಿ ಸೆಲ್ಸಿಯಸ್ ಮೀರಿರಬಹುದಾದ ಕಾರಣ ಮಕ್ಕಳನ್ನು ದೂರವಿಡುವುದು. ಇಲ್ಲಿಯೂ ನೀರು ಬಿಸಿಯಿಲ್ಲದಿದ್ದಲ್ಲಿ ಮಾತ್ರ ಫಲಕ, ನೆರಳು, ಧೂಳು ಇವುಗಳ ಕಡೆ ಗಮನ ಹರಿಸಬೇಕು.

ಒತ್ತಡದ ವ್ಯತ್ಯಾಸ

ಸಾಧಾರಣ ಗೃಹೋಪಯೋಗಿ ಸೌರ ಟ್ಯಾಂಕಿನಿಂದ ನೀರು ತನ್ನ ಭಾರದಿಂದಲೇ ಇಳಿಯುತ್ತದೆ. ಒಂದು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 0.1 ಕಿಲೋಗ್ರಾಂ ಒತ್ತಡ ದೊರೆಯುತ್ತದೆ. ಆದ್ದರಿಂದ ಛಾವಣಿಗೆ ಹತ್ತಿರವಿರುವ ಮೇಲಿನ ಮಹಡಿಗೇ ಬಿಸಿನೀರಿನ ರಭಸ ಕಡಿಮೆ. ಇಂತಹ ಮನೆಯಲ್ಲಿ ತಣ್ಣೀರಿನ ಕೊಳವೆಗೆ ಒತ್ತಡದ ಪಂಪು ಜೋಡಿಸಿದರೆ ತೊಂದರೆ ಹೆಚ್ಚುತ್ತದೆ. ಮಿಕ್ಸರ್ ನಲ್ಲಿಯೊಳಗೆ ಬಲವಾದ ತಣ್ಣೀರು ದುರ್ಬಲವಾದ ಬಿಸಿನೀರನ್ನು ಹಿಂದಕ್ಕೆ ತಳ್ಳಿ, ಬಿಸಿನೀರಿನ ಕೊಳವೆಯಲ್ಲಿಯೇ ಹರಿದು ಇತರ ಸ್ನಾನಗೃಹಗಳ ನೀರನ್ನೂ ತಣ್ಣಗಾಗಿಸುತ್ತದೆ. ಮಿಕ್ಸರ್‌ನ ಎರಡೂ ಹಿಡಿಗಳನ್ನು ತೆರೆದಿಟ್ಟು ಮುಂದಿನ ಕೈಶವರ್ ಮಾತ್ರ ಮುಚ್ಚುವ ಅಭ್ಯಾಸವಿದ್ದ ಮನೆಗಳಲ್ಲಿ ಇದು ಹಗಲಿರುಳೂ ನಡೆಯುತ್ತಿರುತ್ತದೆ.

ಇದನ್ನು ಪತ್ತೆಹಚ್ಚಲು ಖರ್ಚಿಲ್ಲ. ಎಲ್ಲ ಮಿಕ್ಸರ್‌ಗಳ ಕೆಳಗಿನ ತಣ್ಣೀರಿನ ಕವಾಟಗಳನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆಯಬೇಕು. ಈಗ ಬಿಸಿನೀರು ಬಂದರೆ ದೋಷ ಮಿಕ್ಸರ್‌ನಲ್ಲಿದೆ. ಮಿಕ್ಸರ್‌ಗಳಿಗೆ ಹೋಗುವ ತಣ್ಣೀರನ್ನು ಪಂಪಿಲ್ಲದೆ ಮೇಲ್ತೊಟ್ಟಿಯಿಂದಲೇ ತರುವುದು ಉತ್ತಮ ಪರಿಹಾರ. ಏಕಮುಖ ಕವಾಟವು ಹಿಮ್ಮುಖ ಹರಿವನ್ನು ತಡೆಯುತ್ತದೆಯಾದರೂ ಬಿಸಿನೀರಿನ ರಭಸವನ್ನು ಹೆಚ್ಚಿಸಲಾರದು. ಒತ್ತಡ ತಾಳುವಂತೆ ತಯಾರಾಗದ ಸೌರ ಟ್ಯಾಂಕಿಗೆ ಯಾವ ಕಾರಣಕ್ಕೂ ಪಂಪು ಜೋಡಿಸಕೂಡದು. ಟ್ಯಾಂಕು ಒಡೆಯುವ ಅಪಾಯವಿದೆ.

ಕೊಳವೆಯಲ್ಲಿ ಗಾಳಿ

ಭೀಮಾ ನದಿ ಮತ್ತು ಬೆಣ್ಣೆತೊರಾ ಜಲಾಶಯದಿಂದ ನೀರು ಪಡೆಯುವ ಕಲಬುರಗಿ ನಗರದಲ್ಲಿ, ದಿನ ಬಿಟ್ಟು ನೀರು ಬರುವ ಬಡಾವಣೆಗಳ ಮನೆಗಳಲ್ಲಿ ಮೇಲ್ತೊಟ್ಟಿ ಬರಿದಾಗುವುದುಂಟು. ಆಗ ಕೊಳವೆಗೆ ಗಾಳಿ ಸೇರಿ, ನೀರು ಬಂದ ಮೇಲೂ ಒಂದು ಶಾಖೆ ಮಾತ್ರ ಕಟ್ಟಿಕೊಂಡಿರುತ್ತದೆ. ನಲ್ಲಿ ಗೊರಗೊರ ಸದ್ದು ಮಾಡಿ ನೀರನ್ನು ಉಗುಳುವುದೇ ಇದರ ಗುರುತು. ಮೇಲ್ತೊಟ್ಟಿ ತುಂಬಿಸಿ ಅತ್ಯಂತ ಕೆಳಗಿನ ಬಿಸಿನೀರಿನ ನಲ್ಲಿಯನ್ನು ಪೂರ್ಣ ತೆರೆದಿಟ್ಟರೆ ಸಾಮಾನ್ಯವಾಗಿ ಗಾಳಿ ಹೊರಹೋಗುತ್ತದೆ. ಮರುಕಳಿಸಿದಲ್ಲಿ ಕೊಳವೆ ಎಲ್ಲಿಯಾದರೂ ಗೂನಾಗಿ ಮೇಲೆದ್ದಿದೆಯೇ, ಗಾಳಿ ಕೊಳವೆ ಮೇಲ್ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆಯೇ ಎಂಬುದನ್ನು ನೋಡಿಸುವುದು.

ಬರಿದಾದ ಗಾಜಿನ ನಳಿಕೆಗಳ ಉಪಕರಣಕ್ಕೆ ನಡುಹಗಲಿನ ಬಿಸಿಲಿನಲ್ಲಿ ತಣ್ಣೀರು ಬಿಡಕೂಡದು, ನಳಿಕೆಗಳು ಸಿಡಿಯುತ್ತವೆ. ಸೂರ್ಯಾಸ್ತದ ನಂತರ ಅಥವಾ ಮುಂಜಾನೆ ತುಂಬಿಸಬೇಕು.

ಗಡಸು ನೀರು

ಕಮಲಾಪುರ ಭಾಗದಲ್ಲಿ ಕೊಳವೆಬಾವಿ ನೀರನ್ನು ಬಳಸುವ ಮನೆಗಳಿಗೆ ಸುಣ್ಣದ ಪೊರೆಯೇ ಮುಖ್ಯ ಶತ್ರು. ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿ ಪೊರೆಯನ್ನು ಎಲ್ಲರೂ ಬಲ್ಲರು. ಅದೇ ಪೊರೆ ಚಪ್ಪಟೆ ಫಲಕದ ತೆಳುವಾದ ತಾಮ್ರದ ಕೊಳವೆಗಳನ್ನೂ ಶವರಿನ ರಂಧ್ರಗಳನ್ನೂ ಮುಚ್ಚುತ್ತದೆ. ಒಂದೇ ನಲ್ಲಿಯ ಹರಿವು ಕುಗ್ಗಿದ್ದರೆ ಅದರ ಜಾಲರಿಯನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೆ ಸಾಕು. ಫಲಕದ ಶುದ್ಧೀಕರಣವನ್ನು ತಯಾರಕರ ಸೇವಾ ತಂತ್ರಜ್ಞರಿಂದಲೇ ಮಾಡಿಸುವುದು. ಗಡಸು ನೀರಿನ ಮನೆಗಳಿಗೆ ಹೊಸದಾಗಿ ಕೊಳ್ಳುವಾಗ ಗಾಜಿನ ನಳಿಕೆಯ ಮಾದರಿ ಹೆಚ್ಚು ಸೂಕ್ತ.

ದೂರ ಮತ್ತು ನೆರಳು

15 ಮಿಲಿಮೀಟರ್ ಒಳವ್ಯಾಸದ 20 ಮೀಟರ್ ಕೊಳವೆಯಲ್ಲಿ ಸುಮಾರು 3.5 ಲೀಟರ್ ತಣಿದ ನೀರು ನಿಂತಿರುತ್ತದೆ. ಅಷ್ಟು ಹರಿದ ನಂತರ ಬಿಸಿನೀರು ಬಂದರೆ ಅದು ದೋಷವಲ್ಲ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 49 ಡಿಗ್ರಿ ಎತ್ತರಕ್ಕೆ ಮಾತ್ರ ಏರುವುದರಿಂದ, ಬೇಸಿಗೆಯಲ್ಲಿ ತಟ್ಟದ ದಕ್ಷಿಣದ ನೆರಮನೆಯ ನೆರಳು ಚಳಿಗಾಲದಲ್ಲಿ ಫಲಕದ ಮೇಲೆ ಬೀಳಬಹುದು.

ಪೂರಕ ವಿದ್ಯುತ್ ಕಾಯಿಲ್

ಟ್ಯಾಂಕಿನಲ್ಲಿ ನೀರಿಲ್ಲದಾಗ ಕಾಯಿಲ್ ಚಾಲೂ ಮಾಡಕೂಡದು. ಭೂಸಂಪರ್ಕ ಮತ್ತು ಸೋರಿಕೆ ತಡೆ ಸ್ವಿಚ್ಚು ಕಡ್ಡಾಯವೆಂದೇ ತಿಳಿಯಬೇಕು. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಪರೀಕ್ಷಿಸುವವರೆಗೆ ಬಳಸಬಾರದು.

ಸೌರ ರಿಯಾಯಿತಿ

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಗೃಹಬಳಕೆ ಗ್ರಾಹಕರಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನು ನೀಡುತ್ತ ಬರಲಾಗಿದೆ. ಜಲತಾಪಕವು ಅಳವಡಿಕೆಯಾಗಿರುವುದಷ್ಟೇ ಅಲ್ಲದೆ ಬಳಕೆಯಲ್ಲಿಯೂ ಇರಬೇಕೆಂಬುದು ಇದರ ಷರತ್ತು. ಕೊಳವೆ ದೋಷಕ್ಕಾಗಿ ಉಪಕರಣವನ್ನು ಕೈಬಿಟ್ಟವರು ಗೀಸರ್‌ನ ಬಿಲ್ಲನ್ನೂ ತೆತ್ತು ಈ ರಿಯಾಯಿತಿಗೂ ಎರವಾಗುತ್ತಾರೆ. ಸಾಮೂಹಿಕ ಜಲತಾಪಕವಿರುವ ವಸತಿ ಸಮುಚ್ಚಯಗಳಲ್ಲಿ ಪ್ರತಿ ಮನೆಗೆ ಕನಿಷ್ಠ 100 ಲೀಟರ್ ಸಾಮರ್ಥ್ಯವಿರಬೇಕು. ಅರ್ಜಿದಾರರು ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ದರಪಟ್ಟಿಯನ್ನು ಪರಿಶೀಲಿಸಿ, ಆರ್.ಆರ್. ಸಂಖ್ಯೆ ಹಾಗೂ ಖರೀದಿ ರಸೀದಿಯೊಂದಿಗೆ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿಯ ತಮ್ಮ ವ್ಯಾಪ್ತಿಯ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ. ವಿದ್ಯುತ್ ಸರಬರಾಜಿನ ದೂರುಗಳಿಗೆ ಸಹಾಯವಾಣಿ 1912.