ಏಕತಾರಿಯಿಂದ ಗಿಟಾರಿಗೆ: ಷರೀಫರ ಪದಗಳಿರುವ ಒಂದು ಆಲ್ಬಮ್ ಮತ್ತು ಅದರ ವಿಮರ್ಶೆ

ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂತು. ಪ್ರಕಟಿಸಿದ್ದು ವಿಶಾಲ್–ಶೇಖರ್ ಜೋಡಿಯ ಕೌಂಟರ್ ಕಲ್ಚರ್ ರೆಕಾರ್ಡ್ಸ್. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ತತ್ವಪದಕಾರ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಪದಗಳು ಅದರಲ್ಲಿವೆ. ಗಾಯಕರು ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಗಿಟಾರನ್ನು ಸ್ವಂತವಾಗಿ ಕಲಿತವರು. ಈ ಎರಡು ಪದಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಈ ಲೇಖನದ ಪ್ರಶ್ನೆ. ಉತ್ತರ ಹುಡುಕಲು ನಾನು ಆರಿಸಿಕೊಂಡಿರುವುದು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಿವಿಯನ್ನು.

ಈ ಆಯ್ಕೆಗೆ ಕಾರಣವಿದೆ. ಹಳೆಯ ಮೈಸೂರಿನ ಗಾಯನ ಮತ್ತು ಬಡಗಣ ಕರ್ನಾಟಕದ ಪದಗಳು ಕೂಡುವ ನೆಲ ಇದು. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಹಳಿ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಸಾಗುತ್ತದೆ. ನಾಡಿನ ಸೂಫಿಗಳನ್ನೂ ನಾಥಪಂಥವನ್ನೂ ಊರೂರು ಅಲೆದು ದಾಖಲಿಸಿದ ರಹಮತ್ ತರೀಕೆರೆಯವರು ತರೀಕೆರೆ ತಾಲ್ಲೂಕಿನವರೇ.

ಆಲ್ಬಮ್ಮಿಗೆ ಸಿಕ್ಕ ಸ್ವಾಗತ ದೊಡ್ಡದು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಉತ್ತಮ ಹೊಸ ಕಲಾವಿದ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಬ್ರಿಟನ್ನಿನಲ್ಲಿ ಅದಕ್ಕೆ ದೊರೆತ ಹೆಸರು ‘ವಿಶ್ವಸಂಗೀತ’. ಅಲ್ಲಿಯ ಕೇಳುಗರಿಗೆ ಷರೀಫರ ಪದದ ಉತ್ಸಾಹ ತಲುಪಿತು. ಆದರೆ ಗುಡುಗುಡಿ, ಅಂದರೆ ಹುಕ್ಕಾ, ಸಾಧಕನ ದೇಹವೆಂಬ ಒಳಗುಟ್ಟು ಆ ಹೆಸರಿನ ಕೆಳಗೆ ಹುದುಗಿಹೋಯಿತು.

ಕನ್ನಡದ ಕೇಳುಗರು ಹಿಡಿದ ಅಳತೆಗೋಲು ಗಾಯಕ, ಸಂಯೋಜಕ ಸಿ. ಅಶ್ವತ್ಥ್. 1980ರ ದಶಕದ ಕ್ಯಾಸೆಟ್ಟುಗಳು ಮತ್ತು 1990ರ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದಾಗಿ ಅಶ್ವತ್ಥರ ಧಾಟಿಯೇ ಷರೀಫರ ಮೂಲಧಾಟಿ ಎಂಬ ಭಾವನೆ ನೆಲೆಯೂರಿದೆ. ಇದು ಸರಿಯಾದ ನೆಲೆಯಲ್ಲ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅಶ್ವತ್ಥರ ಹಾರ್ಮೋನಿಯಂ, ತಬಲಾಗಳ ಸಂಯೋಜನೆಯೂ ಆ ಕಾಲದ ಏಕತಾರಿಗೆ ಗಿಟಾರಿನಷ್ಟೇ ಹೊಸದು. ಒಂದು ಹೊಸತನವನ್ನು ಪರಂಪರೆಯೆಂದು ಒಪ್ಪಿ ಇನ್ನೊಂದನ್ನು ಫ್ಯಾಷನ್ ಎಂದು ತಳ್ಳುವುದು ವಿಮರ್ಶೆಯಾಗದು.

ಬ್ಲೂಸ್ ಸಂಗೀತದ ಒಂದು ನಿದರ್ಶನ ಇಲ್ಲಿ ನೆರವಿಗೆ ಬರುತ್ತದೆ. ರಾಬರ್ಟ್ ಜಾನ್ಸನ್ 1936–37ರಲ್ಲಿ ಟೆಕ್ಸಾಸಿನಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 1938ರಲ್ಲಿ ತೀರಿಕೊಂಡ. 1961ರ ಮರುಪ್ರಕಟಣೆಯ ನಂತರವೇ ಅವನ ಕೀರ್ತಿ ಹಬ್ಬಿತು. 2004ರಲ್ಲಿ ಎರಿಕ್ ಕ್ಲ್ಯಾಪ್ಟನ್ ಅವನ ಹಾಡುಗಳದೇ ಒಂದು ಆಲ್ಬಮ್ ಮಾಡಿದಾಗ ವಿಮರ್ಶಕರು ಭಿನ್ನವಾಗಿ ಮಾತಾಡಿದರು: ಕೆಲವರು ಭಕ್ತಿಯನ್ನು ಮೆಚ್ಚಿದರು, ಕೆಲವರಿಗೆ ಅದು ತೀರಾ ನಯವೆನಿಸಿತು. ಆದರೂ ಅವರ ಬಳಿ ಹೋಲಿಸಲು ಜಾನ್ಸನ್ನನ ದನಿ ಇತ್ತು. ನಮಗೆ ಷರೀಫರ ದನಿಯಿಲ್ಲ. ಇರುವುದು ಕಡೂರು, ತರೀಕೆರೆ, ಅಜ್ಜಂಪುರದಂಥ ಸೀಮೆಯ ಭಜನೆ ಮೇಳಗಳ ನೆನಪು.

ಆ ಮೇಳದ ಕ್ರಮವನ್ನು ಗಮನಿಸಬೇಕು. ಏಕತಾರಿಯ ಒಂದೇ ತಂತಿ ಶ್ರುತಿ ಹಿಡಿದಿರುತ್ತದೆ. ದಮ್ಮಡಿ, ತಾಳ ಜೊತೆಗೂಡುತ್ತವೆ. ಮುಂದಾಳು ನುಡಿ ಹೇಳುತ್ತಾನೆ, ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಪಲ್ಲವಿ ತಿರುತಿರುಗಿ ಬಂದಂತೆ ಅರ್ಥ ಆಳಕ್ಕಿಳಿಯುತ್ತದೆ. ಮೊದಲ ಸಲ ನಗೆ ತರಿಸಿದ ಗುಡುಗುಡಿ ಕೊನೆಯ ನುಡಿಯ ಹೊತ್ತಿಗೆ ಕೇಳುವವನ ಮೈಯೇ ಆಗಿರುತ್ತದೆ. ಗಿಟಾರಿನ ಸ್ವರಗುಚ್ಛ ಬದಲಾಗುತ್ತ ಹೋಗುವುದರಿಂದ ಸಾಲು ಎಲ್ಲಿಗೋ ಸಾಗಿ ತಲುಪಿದ ಅನುಭವ ಕೊಡುತ್ತದೆ. ತತ್ವಪದ ಎಲ್ಲಿಗೂ ಸಾಗದೆ ಕುಳಿತಲ್ಲೇ ತೋಡುವ ಹಾಡು. ಹಾಗಾಗಿ ಆಲ್ಬಮ್ಮಿನಲ್ಲಿ ಪದದ ಲವಲವಿಕೆ ಉಳಿದು, ಪಲ್ಲವಿಯ ಭಾರ ಕಡಿಮೆಯಾಯಿತೆಂದು ನನ್ನ ನಿಲುವು. ಸಭಿಕರೇ ಪಲ್ಲವಿಗೆ ದನಿಗೂಡಿಸುವ ಕಚೇರಿಯಲ್ಲಿ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ, ಏಕೆಂದರೆ ಹಿಮ್ಮೇಳ ಅಲ್ಲಿ ಮರಳಿ ಹುಟ್ಟುತ್ತದೆ. ಸ್ಟುಡಿಯೋದಲ್ಲಿ ಆ ಜನವಿಲ್ಲ. ಇಷ್ಟಾದರೂ, ಕ್ಯಾಸೆಟ್ ಕಾಣದ ಒಂದು ತಲೆಮಾರಿನ ಹುಡುಗರ ಬಾಯಿಗೆ ಷರೀಫರನ್ನು ತಂದುಕೊಟ್ಟ ಕೃತಿ ಎಂಬ ಕಾರಣಕ್ಕೆ ಈ ಆಲ್ಬಮ್ ಕನ್ನಡ ಸಂಗೀತ ಚರಿತ್ರೆಯಲ್ಲಿ ನಿಲ್ಲಬೇಕಾದದ್ದು.

ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ಸಂಪುಟಗಳನ್ನು ತಂದಿದೆ. ಪಠ್ಯಕ್ಕೆ ಸಿಕ್ಕ ಈ ಆರೈಕೆ ಅವನ್ನು ಹಾಡುವ ಮಟ್ಟುಗಳಿಗೆ ಸಿಕ್ಕಿಲ್ಲ. ಮಟ್ಟು ದಾಖಲಾಗದೆ ಗಿಟಾರು ಏನನ್ನು ಕೊಟ್ಟಿತು, ಏನನ್ನು ಕಳೆಯಿತು ಎಂದು ಹೇಳುವ ವಿಮರ್ಶಕನಿಗೆ ಆಧಾರವಿರದು. ಕಡೂರು, ತರೀಕೆರೆ, ಅಜ್ಜಂಪುರದ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ಸುತ್ತಲಿನ ಊರುಗಳ ಭಜನೆ ಮೇಳಗಳನ್ನು, ಹಾಡುವ ಹಿರಿಯರು ಇರುವಾಗಲೇ, ಹಿಮ್ಮೇಳ ಸಮೇತ ಧ್ವನಿಮುದ್ರಿಸಿಕೊಳ್ಳಬೇಕೆಂದು ಕೋರುತ್ತೇನೆ.