ತಲುಪಿದ ತಾರೀಖು

ಸಿ.ವಿ. ರಾಮನ್ ತಾವು ಕಂಡ ಹೊಸ ಬೆಳಕಿನ ಸಂಗತಿಯನ್ನು ವಿದ್ವಾಂಸರ ಸಭೆಯ ಮುಂದೆ ಬಿಡಿಸಿಟ್ಟದ್ದು ಬೆಂಗಳೂರಿನಲ್ಲಿ. 1928ರ ಮಾರ್ಚ್ 16, ಶುಕ್ರವಾರ. ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆ. ಕಲ್ಕತ್ತೆಗೆ ಹಿಂತಿರುಗಿದ ರಾಮನ್ ಆ ಭಾಷಣವನ್ನೇ ಲೇಖನ ಮಾಡಿ ಅಚ್ಚಿಗೆ ಕೊಟ್ಟರು. ಮಾರ್ಚ್ 31ರ ಹೊತ್ತಿಗೆ ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿತ್ತು. ಬಿಡಿ ಪ್ರತಿಗಳು ಹೊರದೇಶದ ಪ್ರಯೋಗಾಲಯಗಳಿಗೆ ಅಂಚೆಯಲ್ಲಿ ಹೊರಟವು. ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಹರಳುಗಳಲ್ಲಿ ರಾಮನ್‌ಗಿಂತ ಒಂದು ವಾರ ಮೊದಲೇ ನೋಡಿದ್ದರು. ಆದರೆ ಅವರ ಬರಹ ಪತ್ರಿಕೆಯ ಕಚೇರಿ ಮುಟ್ಟಿದ್ದು ಮೇ ತಿಂಗಳಲ್ಲಿ, ಅಚ್ಚಾದದ್ದು ಜುಲೈನಲ್ಲಿ. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು.

ಸಂಶೋಧನ ಲೇಖನದ ತಲೆಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ, ಲೇಖನ ಕಚೇರಿಗೆ ತಲುಪಿದ ತಾರೀಖು ಇರುತ್ತದೆ. ಓದುಗರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಬರೆದವರ ಪಾಲಿಗೆ ಮಾತ್ರ ಕೆಲವೊಮ್ಮೆ ಇಡೀ ಲೇಖನಕ್ಕಿಂತ ಆ ಒಂದು ಸಾಲೇ ದೊಡ್ಡದು.

ಇಂಥ ಸಾಲಿಗೆ ಕಾಯುವವರು ಇವತ್ತು ಬೆಂಗಳೂರಿನ ದಕ್ಷಿಣದ ಸುಬ್ರಹ್ಮಣ್ಯಪುರದಲ್ಲೂ ಇದ್ದಾರೆ. ರಾಮನ್ ಭಾಷಣ ಮಾಡಿದ ಕಾಲಕ್ಕೆ ಅದು ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿ. ಬೆಂಗಳೂರಿನ ವಿದ್ವತ್ ಬದುಕೆಲ್ಲ ಸೆಂಟ್ರಲ್ ಕಾಲೇಜು, ಟಾಟಾ ಇನ್‌ಸ್ಟಿಟ್ಯೂಟು, ಚಾಮರಾಜಪೇಟೆ, ಮೈಸೂರು ರಸ್ತೆಯ ಅಚ್ಚುಕೂಟ ಇಷ್ಟರೊಳಗೇ ಓಡಾಡುತ್ತಿತ್ತು. ಇವತ್ತು ಆ ಹಳ್ಳಿ ಕನಕಪುರ ರಸ್ತೆ, ಕುಮಾರಸ್ವಾಮಿ ಲೇಔಟ್, ಬನಶಂಕರಿಗಳ ಕಾಲೇಜುಗಳ ನಡುವೆ ಸಿಕ್ಕ ಬಡಾವಣೆ. ಪಿಎಚ್.ಡಿ. ನೋಂದಣಿ ಮಾಡಿಸಿಕೊಂಡ ಅತಿಥಿ ಉಪನ್ಯಾಸಕರು, ಬಡ್ತಿಗೆ ಕಾದಿರುವ ಮೇಷ್ಟ್ರುಗಳು ಇಲ್ಲಿ ಕಡಿಮೆಯಿಲ್ಲ. ‘ಮಲ್ಟಿಡಿಸಿಪ್ಲಿನರಿ ಜರ್ನಲ್’, ಅಂದರೆ ಬಹುಶಿಸ್ತೀಯ ಪತ್ರಿಕೆ, ಎಂಬ ಮಾತು ಈಗ ಇಂಥವರ ಬಾಯಲ್ಲಿ ದಿನಬಳಕೆಯದು. ಅದರ ಹಿಂದೆ ಬೆಂಗಳೂರಿನಲ್ಲೇ ನೂರು ವರ್ಷ ಮೀರಿದ ಕಥೆಯಿದೆ.

1909ರಲ್ಲಿ ದಂಡುಪ್ರದೇಶದ ಕಲೆಕ್ಟರ್ ಎಫ್.ಜೆ. ರಿಚರ್ಡ್ಸ್ ಮುಂದಾಗಿ ಕಟ್ಟಿದ ಮಿಥಿಕ್ ಸೊಸೈಟಿ ಅದೇ ವರ್ಷ ತನ್ನ ತ್ರೈಮಾಸಿಕವನ್ನು ಆರಂಭಿಸಿತು. ಶಾಸನ, ಜಾತ್ರೆ, ಬುಡಕಟ್ಟು, ನಾಣ್ಯ, ಪುರಾಣ ಎಲ್ಲವೂ ಒಂದೇ ಸಂಚಿಕೆಯೊಳಗೆ. ಬಹುಶಿಸ್ತು ಎಂಬ ಘೋಷಣೆಯೇನೂ ಇರಲಿಲ್ಲ. ಶಾಸನಕ್ಕೇ ಒಂದು, ನಾಣ್ಯಕ್ಕೇ ಒಂದು ಪತ್ರಿಕೆ ಮಾಡೋಣವೆಂದರೆ ಊರಿನಲ್ಲಿ ಅಷ್ಟು ಓದುಗರೂ ಇರಲಿಲ್ಲ, ಅಷ್ಟು ಬರಹಗಾರರೂ ಇರಲಿಲ್ಲ. ಲೇಖನ ಬಹುಮಟ್ಟಿಗೆ ಮೊದಲು ಸಭೆಯಲ್ಲಿ ಓದಾಗುತ್ತಿತ್ತು, ಚರ್ಚೆಯಾಗುತ್ತಿತ್ತು, ಆಮೇಲೆ ಅಚ್ಚಿಗೆ ಹೋಗುತ್ತಿತ್ತು. ಮುಖ ನೋಡಿಕೊಂಡೇ ಆಗುತ್ತಿದ್ದ ಪರಿಶೀಲನೆ ಅದು. ತಪ್ಪು ಹೇಳಿದವರನ್ನು ಎದುರಿನ ಸಾಲಿನಲ್ಲಿ ಕೂತವರು ಅಲ್ಲೇ ತಡೆಯಬಹುದಿತ್ತು.

ಕನ್ನಡದ್ದೂ ಇದೇ ದಾರಿ. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಮರುವರ್ಷವೇ ‘ಪರಿಷತ್ಪತ್ರಿಕೆ’ಯನ್ನು ಹೊರಡಿಸಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಅದು ಎರಡೇ ವರ್ಷಕ್ಕೆ ನಿಂತಿತು. ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ ಹಾಗಲ್ಲ, ಬಾಳಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ವಹಿಸಿಕೊಂಡಿತು. ಶಾಸ್ತ್ರಿಗಳು ಹೆಸರು ಮಾಡಿದ್ದು ಸಂಸ್ಕೃತ, ಕನ್ನಡಗಳ ಪಾಂಡಿತ್ಯಕ್ಕೆ. ಪತ್ರಿಕೆಯಲ್ಲಿ ಮಾತ್ರ ಕವಿತೆಯ ಪಕ್ಕದಲ್ಲಿ ಶಾಸ್ತ್ರವಿಷಯಕ್ಕೂ ಎಡೆಯಿತ್ತು.

ಈಗ ಇನ್ನೊಂದು ಪತ್ರಿಕೆಯ ಜತೆಗೆ ಕಪ್ಪೆಗಳ ವಿಷಯಕ್ಕೆ ಬರಬೇಕು.

1932ರ ಜುಲೈನಲ್ಲಿ ‘ಕರೆಂಟ್ ಸೈನ್ಸ್’ ಬೆಂಗಳೂರಿನಿಂದ ಹೊರಟಿತು. ಲಂಡನ್ನಿನ ‘ನೇಚರ್’ ಅದರ ಮಾದರಿ. ಭೌತ, ರಸಾಯನ, ಸಸ್ಯ, ಪ್ರಾಣಿ, ಭೂಗರ್ಭ, ವೈದ್ಯ ಎಲ್ಲಕ್ಕೂ ಬಾಗಿಲು ತೆರೆದಿದ್ದ ಈ ಪತ್ರಿಕೆಯ ಮೊದಲ ಸಂಪಾದಕ ಸಿ.ಆರ್. ನಾರಾಯಣ ರಾವ್, ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್, ಕಪ್ಪೆಗಳ ಬೆನ್ನುಹತ್ತಿದ ಮನುಷ್ಯ. ದೇಶಕ್ಕೊಂದು ವಿಜ್ಞಾನ ಅಕಾಡೆಮಿ ಬೇಕೆ ಎಂಬ ಪ್ರಶ್ನಾವಳಿಯನ್ನು 1933ರಲ್ಲಿ ವಿಜ್ಞಾನಿಗಳಿಗೆ ಕಳಿಸಿದ್ದು ಈ ಪತ್ರಿಕೆಯೇ. 1934ರಲ್ಲಿ ರಾಮನ್ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು, ಜುಲೈನಿಂದಲೇ ಅದರ ‘ಪ್ರೊಸೀಡಿಂಗ್ಸ್’ ತಿಂಗಳು ತಿಂಗಳೂ ಬರತೊಡಗಿತು.

ನಾರಾಯಣ ರಾವ್ ತಮ್ಮ ದೊಡ್ಡ ಲೇಖನವನ್ನು ಕೊಟ್ಟದ್ದು ಈ ‘ಪ್ರೊಸೀಡಿಂಗ್ಸ್’ಗೆ. 1937ರಲ್ಲಿ, ಜೀವವಿಜ್ಞಾನದ ಬಿ ವಿಭಾಗದಲ್ಲಿ, 387ನೇ ಪುಟದಿಂದ 427ನೇ ಪುಟದವರೆಗೆ ದಕ್ಷಿಣ ಭಾರತದ ಹೊಸ ಕಪ್ಪೆಗಳ ವರ್ಣನೆ. ತಲೆಯ ಅಗಲ, ಮೂತಿಯ ಉದ್ದ, ಕಾಲ್ಬೆರಳ ನಡುವಿನ ಪೊರೆ, ಬೆನ್ನಿನ ಬಣ್ಣ, ಸಿಕ್ಕ ಜಾಗ. ಆ ಕಪ್ಪೆಗಳಲ್ಲಿ ಹಲವು ಸಕಲೇಶಪುರದ ಕೆಳಗಿನ ಕೆಂಪುಹೊಳೆ ಕಾಡಿನವು. ಮೂಲ ಮಾದರಿಗಳನ್ನು ಸೆಂಟ್ರಲ್ ಕಾಲೇಜಿನಲ್ಲಿ ಇಟ್ಟಿದ್ದರು. ಅವು ಮುಂದೆ ಕಳೆದುಹೋದವು. ಪ್ರಾಣಿಶಾಸ್ತ್ರದಲ್ಲಿ ಇದು ಸಣ್ಣ ನಷ್ಟವಲ್ಲ: ಮಾದರಿ ಇಲ್ಲದ ಜಾತಿಯ ಹೆಸರು ಯಾವ ಪ್ರಾಣಿಗೆ ಸೇರಿದ್ದೆಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಉಳಿದದ್ದು ಆ 41 ಪುಟ. ಮುಂದಿನ ತಲೆಮಾರಿನವರು ಅದನ್ನೇ ಹಿಡಿದು ಅದೇ ಹಳ್ಳಗಳಿಗೆ ಇಳಿದು ಕಪ್ಪೆಗಳನ್ನು ಹುಡುಕಿದರು. ಅಲ್ಲಿ ವರ್ಣಿಸಿದ ಮೈಕ್ರಿಕ್ಸೇಲಸ್ ಎಲಿಗನ್ಸ್ ಎಂಬ ಪುಟ್ಟ ಕಪ್ಪೆ ಏಳು ದಶಕ ಕಳೆದ ಮೇಲೆ ಮತ್ತೆ ಕಣ್ಣಿಗೆ ಬಿತ್ತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ ರಾವ್ ಅವರ ನೆನಪಿಗೆ ‘ರಾವ್‌ಆರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಸಿಕ್ಕ ಜಾಗ ಯಾವುದೆಂದು ಬರೆಯುವಲ್ಲಿ ರಾವ್ ಸೋಮಾರಿತನ ಮಾಡಿದ್ದರೆ ಈ ಹುಡುಕಾಟ ಎಲ್ಲಿಂದ ಶುರುವಾಗಬೇಕಿತ್ತು?

ಅಂಥ ಲೇಖನ ಸಿದ್ಧಪಡಿಸುವುದು ಮೈಮುರಿಯುವ ಕೆಲಸ. ಹಾಳೆಯ ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಜಾಗ ಬಿಟ್ಟು ಟೈಪು ಮಾಡಬೇಕು. ಜಾಗ ಬಿಡುವುದು ಸಂಪಾದಕರ ಕೆಂಪು ಶಾಯಿಗೆ. ಕಾರ್ಬನ್ ಹಾಕಿ ನಕಲು ತೆಗೆದಿಟ್ಟುಕೊಳ್ಳಬೇಕು. ಗ್ರೀಕ್ ಅಕ್ಷರ, ವರ್ಗಮೂಲ, ಗಣಿತದ ಚಿಹ್ನೆಗಳು ಟೈಪ್‌ರೈಟರಿನಲ್ಲಿ ಇಲ್ಲ, ಅವನ್ನು ಪೆನ್ನಿನಿಂದ ತುಂಬಬೇಕು. ಚಿತ್ರಗಳನ್ನು ಇಂಡಿಯನ್ ಇಂಕಿನಲ್ಲಿ ಬರೆದು ಬ್ಲಾಕ್ ಮಾಡಿಸಬೇಕು, ಅದಕ್ಕೆ ದುಡ್ಡು ಬೇರೆ. ‘ಕರೆಂಟ್ ಸೈನ್ಸ್’ ಅಚ್ಚಾಗುತ್ತಿದ್ದದ್ದು ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ಸಿನಲ್ಲಿ. ಮೈಸೂರು ಸೀಮೆಯ ಮನೆಮನೆಯ ಗೋಡೆಗೆ ಕ್ಯಾಲೆಂಡರು ಒದಗಿಸಿದ ಪ್ರೆಸ್ಸು ಅದು. ಏಕಾದಶಿ, ಅಮಾವಾಸ್ಯೆಗಳು ಅಚ್ಚಾಗುವ ಸೂರಿನಡಿಯೇ ಅಣುಗಳ ಸಮೀಕರಣವೂ ಅಚ್ಚಾಗುತ್ತಿತ್ತು. ಮೊಳೆ ಜೋಡಿಸುವವರಿಗೆ ಆ ಸೂತ್ರದ ಅರ್ಥ ಗೊತ್ತಿರಬೇಕಿಲ್ಲ, ಒಂದು ಘಾತಾಂಕ ಕೆಳಗಿಳಿದರೆ ಆಗುವ ಅನಾಹುತ ಗೊತ್ತಿದ್ದರೆ ಸಾಕು. ಪ್ರೂಫು ಬರೆದವರ ಕೈಗೆ ಬಂದು, ತಿದ್ದಿ ಹೋಗಿ, ಕೊನೆಗೆ ಬಿಡಿ ಪ್ರತಿಗಳ ಕಟ್ಟು ಬರುತ್ತಿತ್ತು. ಪರಿಚಯವೇ ಇಲ್ಲದ ವಿದ್ವಾಂಸರಿಗೂ ಅದನ್ನು ಅಂಚೆಗೆ ಹಾಕುವುದು ಆಗಿನ ರೂಢಿ.

ಒಪ್ಪುವುದು ಬಿಡುವುದು ಯಾರ ಕೈಯಲ್ಲಿತ್ತು? ‘ಪ್ರೊಸೀಡಿಂಗ್ಸ್’ನ ಹಳೆಯ ಲೇಖನಗಳ ತಲೆಬರಹದ ಕೆಳಗೆ, ತಲುಪಿದ ತಾರೀಖಿನ ಜತೆಗೇ, ಅದನ್ನು ಅಕಾಡೆಮಿಯ ಯಾವ ಸದಸ್ಯರ ಮೂಲಕ ಕಳಿಸಲಾಗಿದೆ ಎಂಬ ಒಕ್ಕಣೆ ಇರುತ್ತದೆ. ಆ ಹೆಸರು ಲೇಖನಕ್ಕೆ ಜಾಮೀನು. ಎಷ್ಟೋ ಕಡೆ ಜಾಮೀನುದಾರರು ರಾಮನ್ ಅವರೇ. ಇದು ದೊಡ್ಡವರ ಪರಿಚಯ ಇದ್ದವರಿಗೆ ಅನುಕೂಲದ ಪದ್ಧತಿ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಈಗ ಶಾಸ್ತ್ರದಂತೆ ಕಾಣುವ ಗುಪ್ತ ಪರಿಶೀಲನೆ ಆಗ ಎಲ್ಲೆಡೆಯ ನಿಯಮವಾಗಿರಲಿಲ್ಲ. 1936ರಲ್ಲಿ ‘ಫಿಸಿಕಲ್ ರಿವ್ಯೂ’ ತಮ್ಮ ಲೇಖನವನ್ನು ಇನ್ನೊಬ್ಬರಿಗೆ ತೋರಿಸಿತೆಂದು ಐನ್‌ಸ್ಟೈನ್ ಸಿಟ್ಟಾಗಿ ಲೇಖನ ಹಿಂದಕ್ಕೆ ಪಡೆದರು. 1953ರ ಡಿಎನ್‌ಎ ಲೇಖನ ‘ನೇಚರ್’ನಲ್ಲಿ ಅಂಥ ಪರಿಶೀಲನೆಗೆ ಹೋಗದೆಯೇ ಅಚ್ಚಾಯಿತು. ಎಲ್ಲ ಲೇಖನಕ್ಕೂ ಪರಿಶೀಲಕರು ಬೇಕೆಂದು ‘ನೇಚರ್’ ನಿಯಮ ಮಾಡಿದ್ದು 1973ರಲ್ಲಿ.

ಜಾಮೀನು ಪದ್ಧತಿ ಒಳ್ಳೆಯ ಫಲ ಕೊಟ್ಟದ್ದಕ್ಕೆ ಎಸ್. ಪಂಚರತ್ನಂ ಸಾಕ್ಷಿ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳೊಳಗೆ ಬೆಳಕು ಹಾಯುವ ರೀತಿಯನ್ನು ನೋಡುತ್ತಿದ್ದ ಹುಡುಗ. 1956ರಲ್ಲಿ, 22ರ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ಬಗೆಗಿನ ಅವರ ಲೇಖನ ‘ಪ್ರೊಸೀಡಿಂಗ್ಸ್’ನಲ್ಲಿ ಬಂತು. ಮೂವತ್ತು ವರ್ಷ ಅದು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಪಂಚರತ್ನಂ ತೀರಿಕೊಂಡಾಗ ಇನ್ನೂ 35. 1984ರಲ್ಲಿ ಮೈಕೆಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಒಂದು ಹೊಸ ‘ಫೇಸ್’ (ತರಂಗದ ಹಂತ) ಕಂಡು ಹೆಸರಾದರು. 1986ರಲ್ಲಿ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಬರೆದು, ಅದರ ಒಂದು ರೂಪ 1956ರ ಲೇಖನದಲ್ಲೇ ಇದೆ ಎಂದು ತೋರಿಸಿದರು. ಬೆರ್ರಿ ಮರುವರ್ಷವೇ ಅದನ್ನು ತಾವೇ ಬರೆದು ಒಪ್ಪಿಕೊಂಡರು. ಇವತ್ತು ಪಠ್ಯಗಳಲ್ಲಿ ಪಂಚರತ್ನಂ–ಬೆರ್ರಿ ಎಂದು ಎರಡೂ ಹೆಸರು ಜೋಡಿಯಾಗಿ ಬರುತ್ತವೆ. ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಹುದುಗಿದ್ದನ್ನು ಬೆಂಗಳೂರಿನ ಇನ್ನೊಂದು ಪತ್ರಿಕೆ ಹೊರಗೆಳೆಯಿತು, ಅಷ್ಟೆ. ರಾಮನ್ ಕೊನೆಗಾಲದಲ್ಲಿ ಅಕಾಡೆಮಿಯ ಪತ್ರಿಕೆಗಳನ್ನು ಸಾಯಗೊಡಬೇಡಿ ಎಂದು ಶಿಷ್ಯರಿಗೆ ಹೇಳಿ ಹೋಗಿದ್ದರು.

ವಿಭಾಗಗಳು ಹೆಚ್ಚಿದಂತೆ ಪತ್ರಿಕೆಗಳೂ ಕವಲೊಡೆದವು. 1973ರಲ್ಲಿ ಭೌತಶಾಸ್ತ್ರಕ್ಕೆ ‘ಪ್ರಮಾಣ’ ಬಂತು, ಮುಂದೆ ಎಂಜಿನಿಯರಿಂಗಿಗೆ ‘ಸಾಧನಾ’. ಎಲ್ಲ ಶಾಸ್ತ್ರವನ್ನೂ ಒಟ್ಟಿಗೆ ಇಟ್ಟುಕೊಂಡು ಉಳಿದದ್ದು ‘ಕರೆಂಟ್ ಸೈನ್ಸ್’. ಕನ್ನಡದಲ್ಲಿ ಮಕ್ಕಳಿಗಾಗಿ ಆ ಕೆಲಸವನ್ನು 1978ರಲ್ಲಿ ಶುರುವಾದ ‘ಬಾಲ ವಿಜ್ಞಾನ’ ಮಾಡಿತು. ಅದನ್ನು ಹೊರತರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಟ್ಟಡ ಸುಬ್ರಹ್ಮಣ್ಯಪುರಕ್ಕೆ ದೂರವಲ್ಲದ ಬನಶಂಕರಿ ಎರಡನೇ ಹಂತದಲ್ಲಿದೆ.

ಬಹುಶಿಸ್ತು ಮತ್ತೆ ಎಲ್ಲೆಲ್ಲೂ ಕಾಣಿಸಿಕೊಂಡದ್ದು 2009ರ ನಂತರ, ಬೇರೆಯೇ ಕಾರಣಕ್ಕೆ. ಮಹಾಪ್ರಬಂಧ ಸಲ್ಲಿಸುವ ಮೊದಲು ಕನಿಷ್ಠ ಒಂದು ಲೇಖನ ಅಚ್ಚಾಗಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆ ವರ್ಷ ನಿಯಮ ಮಾಡಿತು. ಬಡ್ತಿಗೂ ಲೇಖನಗಳ ಅಂಕ ಬಂತು. ಬೇಡಿಕೆ ಹುಟ್ಟಿದ ಮೇಲೆ ಅಂಗಡಿ ತೆರೆಯಲು ಎಷ್ಟು ಹೊತ್ತು? ವಾಣಿಜ್ಯ, ಜಾನಪದ, ನ್ಯಾನೋ ತಂತ್ರಜ್ಞಾನ ಏನನ್ನು ಕಳಿಸಿದರೂ ‘ಅಂತರರಾಷ್ಟ್ರೀಯ ಬಹುಶಿಸ್ತೀಯ’ ಪತ್ರಿಕೆಯಲ್ಲಿ ವಾರದೊಳಗೆ ಜಾಗ, ಹಣ ಕಟ್ಟಿದರೆ ಪ್ರಮಾಣಪತ್ರ. 2013ರಲ್ಲಿ ಜಾನ್ ಬೋಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಲೇಖನವನ್ನು ದೇಶದೇಶಗಳ 304 ಪತ್ರಿಕೆಗಳಿಗೆ ಕಳಿಸಿ ನೋಡಿದ. 157 ಪತ್ರಿಕೆಗಳು ಒಪ್ಪಿಕೊಂಡವು. 2017ರ ಯುಜಿಸಿ ಪಟ್ಟಿಯಲ್ಲಿ 38 ಸಾವಿರಕ್ಕೂ ಹೆಚ್ಚು ಪತ್ರಿಕೆಗಳಿದ್ದವು. ಅದರಲ್ಲಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ ಸುಮಾರು ಸಾವಿರವನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜಾಲಾಡಿದಾಗ ಶೇ. 88ರಷ್ಟು ಕನಿಷ್ಠ ಗುಣಮಟ್ಟಕ್ಕೂ ನಿಲ್ಲಲಿಲ್ಲ. 2018ರ ಮಾರ್ಚಿನಲ್ಲಿ ಈ ವರದಿ ಪ್ರಕಟವಾದದ್ದು ಕಪ್ಪೆ ಪ್ರೊಫೆಸರರ ಹಳೆಯ ಪತ್ರಿಕೆ ‘ಕರೆಂಟ್ ಸೈನ್ಸ್’ನಲ್ಲೇ. ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಕೈಬಿಟ್ಟಿತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಲೇಖನ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕೃತಿಚೌರ್ಯ ಪತ್ತೆಮಾಡುವ ತಂತ್ರಾಂಶಕ್ಕೆ ಹಾಕಿದರೆ ಅದು ಏನನ್ನೂ ಓದಲಾರದು. 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಹಳೆಯ ಅಕ್ಷರಶೈಲಿಯಲ್ಲೇ ಕೊಟ್ಟರೆ ನಕಲು ಹೊಡೆದದ್ದೂ ಸೊನ್ನೆ, ಸ್ವಂತದ್ದೂ ಸೊನ್ನೆ. ಯುನಿಕೋಡಿಗೆ ಬದಲಿಸಹೊರಟರೆ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ, ಇಂಗ್ಲಿಷ್ ಅಡಿಟಿಪ್ಪಣಿ ಕನ್ನಡದ ವೇಷ ಹಾಕಿ ಗೊಜ್ಜಾಗುತ್ತದೆ. ಒಂದೊಂದೇ ಸಾಲು ಕೂತು ಸರಿಮಾಡಬೇಕು. ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆಯ ಡಿಟಿಪಿ, ಜೆರಾಕ್ಸ್ ಅಂಗಡಿಗಳಲ್ಲಿ ಪರೀಕ್ಷೆ ಮುಗಿದ ತಿಂಗಳುಗಳಲ್ಲಿ ನಡೆಯುವ ಕೆಲಸದಲ್ಲಿ ಇದೂ ಒಂದು ಪಾಲು. ಬೆಂಗಳೂರು ಪ್ರೆಸ್ಸಿನ ಮೊಳೆ ಜೋಡಿಸುವವರ ಕಣ್ಣು ಈಗ ಈ ಹುಡುಗ ಹುಡುಗಿಯರಿಗೆ ಬಂದಿದೆ. ಗೈಡು ಹಿಡಿಯದ ತಪ್ಪನ್ನು ಇವರು ಹಿಡಿಯುವುದೂ ಉಂಟು.

2022ರ ನವೆಂಬರಿನಲ್ಲಿ ಯುಜಿಸಿ ಪಿಎಚ್.ಡಿ.ಗೆ ಲೇಖನದ ಕಡ್ಡಾಯವನ್ನು ತೆಗೆದುಹಾಕಿತು. 2019ರಿಂದ ನಡೆಸುತ್ತಿದ್ದ, ಒಪ್ಪಿತ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟು, ಯಾವ ಪತ್ರಿಕೆ ಒಳ್ಳೆಯದೆಂದು ಆಯಾ ಸಂಸ್ಥೆಗಳೇ ನಿರ್ಧರಿಸಲಿ ಎಂದಿತು. ಕಡ್ಡಾಯ ಹೋದರೂ ಬಡ್ತಿಯ ಅರ್ಜಿಯಲ್ಲಿ ಲೇಖನದ ಕಾಲಂ ಹೋಗಿಲ್ಲ. ಪೆನ್‌ಡ್ರೈವ್ ಹಿಡಿದು ಬಂದವರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವುದು ವಿಷಯ ಯಾವುದೆಂಬ ಪ್ರಶ್ನೆಯಲ್ಲ. ‘ಮೇಡಂ, ಇದು ಸ್ಕೋಪಸ್‌ದಾ, ಮಾಮೂಲಿದಾ?’ ಪುಟದ ಅಂಚು, ಕಾಲಂ, ಅಡಿಟಿಪ್ಪಣಿಯ ಧಾಟಿ ಎಲ್ಲ, ಪತ್ರಿಕೆ ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಸೂಚಿಯಲ್ಲಿದೆಯೇ ಎಂಬುದರ ಮೇಲೆ ತೀರ್ಮಾನವಾಗಬೇಕು, ರೇಟು ಕೂಡ.