ಬರಿ ಬೋರ್ಡಿನ ಕಂಪ್ಯೂಟರ್: 8085 ಕಿಟ್‌ನಿಂದ ರಾಸ್ಪ್‌ಬೆರಿ ಪೈವರೆಗೆ, ಚಿಕ್ಕೋಡಿ ಸೀಮೆಯಿಂದ ನೋಡಿದಾಗ

ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂಥ ಊರಿನಲ್ಲಿ ಕಂಪ್ಯೂಟರ್ ಎಲ್ಲಿದೆ ಎಂದು ಕೇಳಿದರೆ ಜನ ಪಂಚಾಯಿತಿ ಕಚೇರಿಯನ್ನೋ ಶಾಲೆಯ ಲ್ಯಾಬನ್ನೋ ತೋರಿಸುತ್ತಾರೆ. ಕಬ್ಬಿನ ಹೊಲದ ಬಾವಿಯ ಪಕ್ಕ, ಸ್ಟಾರ್ಟರ್ ಡಬ್ಬಿಯೊಳಗೆ ಸಿಮ್ ಹಾಕಿಕೊಂಡು ಕೆಲಸ ಮಾಡುವ ಅಂಗೈಯಗಲದ ಬೋರ್ಡನ್ನು ಯಾರೂ ಕಂಪ್ಯೂಟರ್ ಎನ್ನುವುದಿಲ್ಲ. ಅದನ್ನು ‘ಮೊಬೈಲ್ ಸ್ಟಾರ್ಟರ್’ ಎನ್ನುತ್ತಾರೆ. ಕಂಪ್ಯೂಟರಿನ ಚರಿತ್ರೆ ಬರೆದವರೂ ಈ ಬಗೆಯ ಬೋರ್ಡುಗಳನ್ನು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಹೀಗಾಗಿ ಅಗ್ಗದ, ಒಂದೇ ಬೋರ್ಡಿನ ಕಂಪ್ಯೂಟರ್ ಎಂದರೆ 2012ರಲ್ಲಿ ಇಂಗ್ಲೆಂಡಿನಿಂದ ಬಂದ ರಾಸ್ಪ್‌ಬೆರಿ ಪೈ ಒಂದೇ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಇದು ಪೂರ್ತಿ ಸರಿಯಲ್ಲ. ಈ ಯಂತ್ರಕ್ಕೆ ಕರ್ನಾಟಕದಲ್ಲಿ ತನ್ನದೇ ಆದ ಹಿಂದಿನ ಕಥೆಯಿದೆ. ಅದರಲ್ಲಿ ಎರಡು ಎಳೆಗಳಿವೆ: ಒಂದು ಕೈಗೆ ಸಿಗುವ ಬೋರ್ಡಿನದು, ಇನ್ನೊಂದು ಕನ್ನಡ ಬಲ್ಲ ಕಂಪ್ಯೂಟರಿನದು. ಈ ಎರಡೂ ಇದುವರೆಗೆ ಒಂದೇ ಯಂತ್ರದಲ್ಲಿ ಸರಿಯಾಗಿ ಕೂಡಿಲ್ಲ ಎಂಬುದು ನನ್ನ ವಾದ.

ಮೊದಲ ಎಳೆ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಿಂದ ಹೊರಡುತ್ತದೆ. 1976ರಲ್ಲಿ ಅಮೆರಿಕದ ಮಾಸ್ ಟೆಕ್ನಾಲಜಿ ಕಂಪನಿ ಕಿಮ್-1 ಎಂಬ ಬೋರ್ಡನ್ನು 245 ಡಾಲರಿಗೆ ಮಾರಿತು. ಅದರಲ್ಲಿದ್ದ ನೆನಪಿನ ಶಕ್ತಿ ಒಂದು ಕಿಲೋಬೈಟ್ ಮಾತ್ರ. ಅದೇ ವರ್ಷ ಇಂಟೆಲ್ 8085 ಪ್ರೊಸೆಸರನ್ನು ಹೊರತಂದಿತು. ಅದರ ಹಿಂದಿನ 8080ಗೆ ಮೂರು ಬಗೆಯ ವೋಲ್ಟೇಜ್ ಬೇಕಿತ್ತು, 8085ಕ್ಕೆ ಐದು ವೋಲ್ಟ್ ಒಂದೇ ಸಾಕಾಯಿತು. ಪಾಠಕ್ಕೆ ಅಗ್ಗದ ಬೋರ್ಡು ಕಟ್ಟಲು ಇದರಿಂದ ದಾರಿ ಸುಲಭವಾಯಿತು. ಬೆಂಗಳೂರಿನ ಎಲೆಕ್ಟ್ರೊ ಸಿಸ್ಟಮ್ಸ್ ಅಸೋಸಿಯೇಟ್ಸ್ ಇಂಥ ತರಬೇತಿ ಕಿಟ್‌ಗಳನ್ನು ತಯಾರಿಸಿ ಕಾಲೇಜುಗಳಿಗೆ ಕೊಟ್ಟಿತು. ‘ಇಎಸ್‌ಎ ಕಿಟ್’ ಎಂದರೆ ರಾಜ್ಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಒಂದಿಡೀ ತಲೆಮಾರಿಗೆ ಈಗಲೂ ಗುರುತು ಸಿಗುತ್ತದೆ. ಹದಿನಾರು ಅಂಕಿಗಳ ಕೀಲಿಮಣೆ, ಕೆಂಪಗೆ ಹೊಳೆಯುವ ಏಳು ಕಡ್ಡಿಯ ಅಂಕಿಗಳು, ಪಕ್ಕದಲ್ಲಿ ಹೊರಗಿನ ಸಾಧನ ಜೋಡಿಸಲು ಕನೆಕ್ಟರ್. ಆದೇಶಗಳನ್ನು ಕಾಗದದ ಮೇಲೆ ಬರೆದು, ಪಟ್ಟಿ ನೋಡಿ ಹೆಕ್ಸ್ ಸಂಖ್ಯೆಗೆ ತಿರುಗಿಸಿ, ಒಂದೊಂದಾಗಿ ಒತ್ತಬೇಕಿತ್ತು. ಕರೆಂಟ್ ಹೋದರೆ ಮತ್ತೆ ಮೊದಲಿಂದ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾಯಿತು. ರಾಜ್ಯದ ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದ ಕೆಳಗೆ ಬಂದಾಗ ಮೈಕ್ರೊಪ್ರೊಸೆಸರ್ ಲ್ಯಾಬೂ ಎಲ್ಲೆಡೆ ಒಂದೇ ರೂಪ ಪಡೆಯಿತು. ಈ ಕಿಟ್‌ಗಳನ್ನು ಬರಿಯ ಪರೀಕ್ಷೆಯ ಸಾಮಾನು ಎಂದು ಬದಿಗೆ ಸರಿಸುವುದು ತಪ್ಪು. ಹೊದಿಕೆಯಿಲ್ಲದ ಬೋರ್ಡನ್ನು ಮುಟ್ಟಿ, ತಂತಿ ಜೋಡಿಸಿ, ಸ್ಟೆಪ್ಪರ್ ಮೋಟಾರ್ ತಿರುಗಿಸಿ ನೋಡುವ ರೂಢಿಯನ್ನು ನಮ್ಮ ವಿದ್ಯಾರ್ಥಿಗಳಿಗೆ ಕೊಟ್ಟದ್ದು ಅವೇ. ಆದರೆ ಅವು ಕಾಲೇಜಿನ ಬೀರುವಿನಲ್ಲೇ ಉಳಿದವು. ವಿದ್ಯಾರ್ಥಿ ಕೊಂಡು ಮನೆಗೆ ಒಯ್ಯುವ ಬೆಲೆ ಅವಕ್ಕೆ ಇರಲಿಲ್ಲ.

ಶಾಲೆಗಳ ಕಡೆಯಿಂದ ಬಂದ ಇನ್ನೊಂದು ಪ್ರಯತ್ನವನ್ನೂ ಇಲ್ಲಿ ನೆನೆಯಬೇಕು. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತು. ಅದನ್ನು ರೂಪಿಸಿದ್ದು ಕೇಂಬ್ರಿಜ್‌ನ ಏಕಾರ್ನ್ ಕಂಪನಿ. ಅಲ್ಲಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ 1985ರಲ್ಲಿ ಆರ್ಮ್ ಪ್ರೊಸೆಸರನ್ನು ರೂಪಿಸಿದರು. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಆ ಚಿಪ್‌ನ ಸಂತತಿಯೇ ಈ ಕಥೆಯ ಮುಂದಿನ ಎರಡೂ ಘಟ್ಟಗಳಲ್ಲಿ, ಬೆಂಗಳೂರಿನಲ್ಲಿ ಒಮ್ಮೆ, ಮತ್ತೆ ಕೇಂಬ್ರಿಜ್‌ನಲ್ಲಿ ಒಮ್ಮೆ ಎದುರಾಗುತ್ತದೆ.

ಎರಡನೆಯ ಎಳೆ ಸಿಂಪ್ಯೂಟರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಇವರ ಜತೆಗೆ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆ ಬಲ್ಲದ್ದಾಗಿರಬೇಕು ಎಂಬುದು ಅವರ ಸಂಕಲ್ಪ. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಜನರ ಮುಂದೆ ಬಂತು. ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್, ಬೆರಳಿಗೂ ಕಡ್ಡಿಗೂ ಓಗೊಡುವ ಪರದೆ, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲು ಸ್ಮಾರ್ಟ್ ಕಾರ್ಡ್. ಓದು ಬಾರದವರಿಗೂ ಕಂಪ್ಯೂಟರ್ ಮಾತನಾಡಬೇಕೆಂದು, ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವನ್ನು ರಮೇಶ್ ಹರಿಹರನ್ ಈ ಯೋಜನೆಯಲ್ಲೇ ಬೆಳೆಸಿದರು. ಕನ್ನಡವನ್ನು ಆಮೇಲೆ ಅಂಟಿಸಿಕೊಳ್ಳದೆ, ವಿನ್ಯಾಸದ ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿದ ಅಗ್ಗದ ಕಂಪ್ಯೂಟರ್ ಎಂದು ನಾನು ಹೆಸರಿಸಬಲ್ಲದ್ದು ಇದನ್ನೇ. ಅದರ ಹಿರಿಮೆಯನ್ನು ನಾವು ಇನ್ನೂ ಸರಿಯಾಗಿ ಒಪ್ಪಿಕೊಂಡಿಲ್ಲ.

2004ರ ಏಪ್ರಿಲ್‌ನಲ್ಲಿ ಪಿಕೊಪೆಟಾ ಕಂಪನಿಯ ‘ಅಮಿಡಾ’ ಸಿಂಪ್ಯೂಟರ್ ಭಾರತ್ ಎಲೆಕ್ಟ್ರಾನಿಕ್ಸ್‌ನ ತಯಾರಿಕೆಯಾಗಿ ಮಾರುಕಟ್ಟೆಗೆ ಬಂತು. ಕಡಿಮೆ ಬೆಲೆಯ ಮಾದರಿಗೆ 9,950 ರೂಪಾಯಿ. ಯಂತ್ರವನ್ನು ವಾಲಿಸಿದರೆ ಅದನ್ನು ಗ್ರಹಿಸುವ ಆಕ್ಸೆಲರೋಮೀಟರ್ ಅದರಲ್ಲಿತ್ತು, ಅದೂ ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲು. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರ್ಕಾರವೂ ಸಿಂಪ್ಯೂಟರನ್ನು ಬಳಸಿ ನೋಡಿತು. ಆದರೂ ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಮೊಬೈಲ್ ಫೋನಿನ ಬೆಲೆ ಆ ವರ್ಷಗಳಲ್ಲೇ ಇಳಿಯುತ್ತಿತ್ತು, ಸರ್ಕಾರದ ದೊಡ್ಡ ಆರ್ಡರ್ ಬರಲಿಲ್ಲ ಎಂದು ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ಅವು ನಿಜ. ನನಗೆ ಕಾಣುವ ಮತ್ತೊಂದು ಕಾರಣವಿದೆ. ಸಿಂಪ್ಯೂಟರಿನ ವಿನ್ಯಾಸ ಮುಕ್ತವಾಗಿತ್ತು, ಆದರೆ ಅದು ತೆರೆದದ್ದು ಪರವಾನಗಿ ಶುಲ್ಕ ಕಟ್ಟಿ ಕಾರ್ಖಾನೆಯಲ್ಲಿ ತಯಾರಿಸುವವರಿಗೆ. ಬಳಸುವವನ ಕೈಗೆ ಬಂದದ್ದು ಹೊದಿಕೆ ಮುಚ್ಚಿದ, ಪೂರ್ತಿ ಸಿದ್ಧವಾದ ಸಾಧನ. ನಿಪ್ಪಾಣಿಯ ಡಿಪ್ಲೊಮಾ ಹುಡುಗನೊಬ್ಬ ಅದಕ್ಕೆ ಒಂದು ರಿಲೇ ಜೋಡಿಸಿ ಮೋಟಾರ್ ಓಡಿಸುವ ದಾರಿ ಇರಲಿಲ್ಲ.

ಆ ದಾರಿಯನ್ನು ತೆರೆದದ್ದು ರಾಸ್ಪ್‌ಬೆರಿ ಪೈ. ಕೇಂಬ್ರಿಜ್‌ಗೆ ಕಂಪ್ಯೂಟರ್ ವಿಜ್ಞಾನ ಓದಲು ಬರುವವರ ಸಂಖ್ಯೆಯೂ ಅವರ ಪೂರ್ವತಯಾರಿಯೂ ಕುಸಿಯುತ್ತಿದೆ ಎಂಬ ಚಿಂತೆಯಿಂದ ಎಬೆನ್ ಅಪ್ಟನ್ ಮತ್ತು ಜತೆಗಾರರು 2006ರ ಸುಮಾರಿಗೆ ಮಾದರಿಗಳನ್ನು ಕಟ್ಟತೊಡಗಿದರು. 2009ರಲ್ಲಿ ರಾಸ್ಪ್‌ಬೆರಿ ಪೈ ಪ್ರತಿಷ್ಠಾನ ನೋಂದಣಿಯಾಯಿತು, 2012ರ ಫೆಬ್ರವರಿ 29ರಂದು ಮಾರಾಟ ಆರಂಭವಾಯಿತು. 700 ಮೆಗಾಹರ್ಟ್ಸ್ ಆರ್ಮ್ ಪ್ರೊಸೆಸರ್, 256 ಮೆಗಾಬೈಟ್ ನೆನಪು, ಬೆಲೆ 35 ಡಾಲರ್. ಅಂದಿನ ದರದಲ್ಲಿ ಸುಮಾರು 1,700 ರೂಪಾಯಿ, ಅದರ ಮೇಲೆ ಸಾಗಣೆ, ಸುಂಕ. ಮಾದರಿಗಳಿಗೆ ಎ, ಬಿ ಎಂದು ಹೆಸರಿಟ್ಟದ್ದು ಬಿಬಿಸಿ ಮೈಕ್ರೊದ ನೆನಪಿಗೆ. ಬೋರ್ಡಿನ ಅಂಚಿನಲ್ಲಿ ಎರಡು ಸಾಲು ಪಿನ್ನುಗಳಿದ್ದವು: ಮೊದಲು 26, 2014ರ ಬಿ ಪ್ಲಸ್ ಮಾದರಿಯಿಂದ 40. ಇಎಸ್‌ಎ ಕಿಟ್‌ನ ಕನೆಕ್ಟರಿಗೂ ಈ ಪಿನ್ನುಗಳಿಗೂ ಕೆಲಸ ಒಂದೇ, ಹೊರಗಿನ ಜಗತ್ತನ್ನು ಕಂಪ್ಯೂಟರಿಗೆ ಕಟ್ಟುವುದು. ವ್ಯತ್ಯಾಸವೆಂದರೆ ಈಗ ಬೋರ್ಡು ವಿದ್ಯಾರ್ಥಿಯ ಬ್ಯಾಗಿನಲ್ಲಿ ಹೋಗುತ್ತದೆ. ಚಿಪ್‌ನ ಒಳಗುಟ್ಟು ಬ್ರಾಡ್‌ಕಾಮ್ ಕಂಪನಿಯದೇ ಆದ್ದರಿಂದ ಮುಕ್ತತೆಯ ಶಾಸ್ತ್ರದಲ್ಲಿ ಪೈ ಸಿಂಪ್ಯೂಟರಿಗಿಂತ ಹಿಂದೆ. ಆದರೂ ಕೈಗೆ ತೆರೆದುಕೊಂಡದ್ದರಿಂದ ಅದೇ ಗೆದ್ದಿತು.

2015ರಲ್ಲಿ ಬಂದಾಗ ಪೈ ಜೀರೊ ಬೆಲೆ 5 ಡಾಲರ್ ಇತ್ತು, 2021ರಲ್ಲಿ ಬಂದಾಗ ಪಿಕೊ ಬೆಲೆ 4 ಡಾಲರ್. 2016ರಲ್ಲಿ ಕೇಂದ್ರ ಸರ್ಕಾರದ ಅಟಲ್ ಇನ್ನೊವೇಷನ್ ಮಿಷನ್ ಆರಂಭವಾಗಿ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗತೊಡಗಿತು. ಚಿಕ್ಕೋಡಿಯ ಕೆಎಲ್‌ಇ ಎಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯ ವಿಎಸ್‌ಎಂ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜುಗಳಿಂದಾಗಿ ಈ ಭಾಗದ ಹಳ್ಳಿಯ ಮಕ್ಕಳು ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬಂದು ಎಂಜಿನಿಯರಿಂಗ್ ಓದುವಂತಾಯಿತು. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆ ಇಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ಸಾಮಾನಿಗೆ ಬೆಳಗಾವಿ, ಕೊಲ್ಹಾಪುರಗಳೇ ಹತ್ತಿರ.

ಹೊಲಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಡುವುದು ದಿನದ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ. ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ನಡೆದು ಮೋಟಾರ್ ಹಚ್ಚುವ ಕಷ್ಟಕ್ಕೆ ಪುಣೆಯ ಸಂತೋಷ್ ಓಸ್ತವಾಲ್ ‘ನ್ಯಾನೊ ಗಣೇಶ್’ ಎಂಬ ಸಾಧನದಿಂದ ಉತ್ತರ ಕೊಟ್ಟರು. ಫೋನ್ ಮಾಡಿ ಮೋಟಾರ್ ಚಾಲೂ ಮಾಡುವ ಆ ಸಾಧನಕ್ಕೆ 2009ರಲ್ಲಿ ನೋಕಿಯಾ ಪ್ರಶಸ್ತಿ ಬಂತು. ಈಗ ಬೇರೆ ಬೇರೆ ಹೆಸರಿನ ಮೊಬೈಲ್ ಸ್ಟಾರ್ಟರುಗಳು ಕಬ್ಬಿನ ಸೀಮೆಯ ತುಂಬ ಇವೆ. ಅವುಗಳಲ್ಲಿ ಇರುವುದು ಒಂದು ಮೈಕ್ರೊಕಂಟ್ರೋಲರ್, ಒಂದು ಸಿಮ್ ಮಾಡ್ಯೂಲ್, ರಿಲೇಗಳು. ಪೈ ಅಲ್ಲಿಗೆ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಮೆಮರಿ ಕಾರ್ಡಿನ ಮೇಲೆ ಲಿನಕ್ಸ್ ನಡೆಸುವ ಬೋರ್ಡಿಗೆ ಏಕಾಏಕಿ ಕರೆಂಟ್ ತೆಗೆದರೆ ಕಾರ್ಡಿನಲ್ಲಿರುವ ಕಡತಗಳು ಕೆಡಬಹುದು. ದಿನಕ್ಕೆ ಹತ್ತು ಸಲ ಕರೆಂಟ್ ಕಣ್ಣುಮುಚ್ಚಾಲೆಯಾಡುವ ಬಾವಿಯ ಮೇಲೆ ಅದು ಬಾಳುವುದಿಲ್ಲ. ಅಲ್ಲಿಗೆ ಆಪರೇಟಿಂಗ್ ಸಿಸ್ಟಮ್ ಇಲ್ಲದ ಪಿಕೊ, ಇಎಸ್‌ಪಿ32ನಂಥ ಮೈಕ್ರೊಕಂಟ್ರೋಲರ್ ಬೋರ್ಡುಗಳೇ ಸರಿ. ಪಂಪ್‌ಸೆಟ್ ಯೋಜನೆಗೆ ಪೈ ಬಳಸುವ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಇದನ್ನು ಮೊದಲೇ ಹೇಳಬೇಕು.

ಪೈ ಹೊಂದುವ ಕೆಲಸ ನದಿಯ ದಂಡೆಯಲ್ಲಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಮುಂತಾದ ಕೆಳಮಟ್ಟದ ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಇಲ್ಲಿನವರಿಗೆ ಗೊತ್ತಿದ್ದದ್ದೇ. 2019ರ ಆಗಸ್ಟ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನದಿತೀರದ ಊರುಗಳು ನೀರಿನಲ್ಲಿ ನಿಂತವು. ನೀರಿನ ಮಟ್ಟ ಅಳೆದು, ಚಿತ್ರ ತೆಗೆದು, ದಾಖಲೆ ಇಟ್ಟು, ಊರಿಗೆ ದನಿಯಲ್ಲಿ ಎಚ್ಚರಿಕೆ ಕೊಡುವ ಕೆಲಸಕ್ಕೆ ಬ್ಯಾಟರಿ, ಸೌರಫಲಕದ ಬೆಂಬಲವಿರುವ ಲಿನಕ್ಸ್ ಬೋರ್ಡು ತಕ್ಕದ್ದು. ಆದರೆ ವಿದ್ಯಾರ್ಥಿಗಳು ರೂಢಿಯಿಂದ ಹಾಕುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಅಳತೆ 4 ಮೀಟರಿಗೆ ಮುಗಿಯುತ್ತದೆ. ಅದರ ಐದು ವೋಲ್ಟ್ ಸಂಕೇತವನ್ನು ನೇರವಾಗಿ ಕೊಟ್ಟರೆ ಪೈನ 3.3 ವೋಲ್ಟ್ ಪಿನ್ ಸುಟ್ಟುಹೋಗಬಹುದು. ಟೇಬಲ್ ಮೇಲಿನ ಬಕೆಟ್ಟಿಗೆ ಸಾಕಾದದ್ದು ಕೃಷ್ಣೆಗೆ ಸಾಲದು.

ಭಾಷೆಯ ಎಳೆ ತುಂಡಾಗಿರುವುದು ಇಲ್ಲೇ. ಇಂಥ ಪ್ರಾಜೆಕ್ಟುಗಳಲ್ಲಿ ಎಚ್ಚರಿಕೆ ಮೂಡುವುದು ಹದಿನಾರು ಅಕ್ಷರದ ಎರಡು ಸಾಲಿನ ಎಲ್‌ಸಿಡಿಯಲ್ಲಿ, ಇಂಗ್ಲಿಷಿನಲ್ಲಿ. ಆ ಪರದೆಯ ಚಿಪ್ ನಮ್ಮದೇ ಆಕಾರಗಳಿಗೆ ಬಿಟ್ಟುಕೊಡುವುದು ಎಂಟು ಮನೆ ಮಾತ್ರ, ಒಂದೊಂದು ಐದು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಒತ್ತಕ್ಷರವಿರುವ ಕನ್ನಡ ಅಲ್ಲಿ ಹಿಡಿಸುವುದಿಲ್ಲ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಡೆಬಿಯನ್ ಆಧಾರದ ಪೈ ವ್ಯವಸ್ಥೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ, ಇಸ್ಪೀಕ್ ತಂತ್ರಾಂಶ ಕನ್ನಡ, ಮರಾಠಿ ಎರಡನ್ನೂ ಓದಿ ಹೇಳುತ್ತದೆ. ಈ ಗಡಿ ತಾಲ್ಲೂಕುಗಳಿಗೆ ಬೇಕಾದದ್ದೂ ಎರಡೂ ಭಾಷೆಯ ದನಿಯೇ. 2001ರಲ್ಲಿ ಬೆಂಗಳೂರು ಯೋಚಿಸಿದ್ದನ್ನು ಇಂದಿನ ಬೋರ್ಡಿನ ಮೇಲೆ ಮಾಡಿ ತೋರಿಸಲು ಹಣದ ಅಡ್ಡಿ ಇಲ್ಲ, ತಂತ್ರದ ಅಡ್ಡಿಯೂ ಇಲ್ಲ. ಆದರೆ ಕನ್ನಡದಲ್ಲಿ ಬರೆದ ಕೈಪಿಡಿಗಳಿಲ್ಲದೆ ಇದು ಒಬ್ಬಿಬ್ಬರ ಆಸಕ್ತಿಯಾಗಿಯೇ ಉಳಿಯುತ್ತದೆ.

ಚಿಕ್ಕೋಡಿ, ನಿಪ್ಪಾಣಿಯ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ಕೋರಿಕೆ ಎರಡು. ಹಳೆಯ 8085 ಕಿಟ್‌ಗಳನ್ನು ಗುಜರಿಗೆ ಹಾಕಬೇಡಿ, ಅವುಗಳ ಕೈಪಿಡಿಯೊಂದಿಗೆ ಗ್ರಂಥಾಲಯದಲ್ಲಿ ಇಡಿ. ಮತ್ತು ಪ್ರತಿ ವರ್ಷ ಹೊಸ ಪ್ರಾಜೆಕ್ಟ್ ಆರಂಭಿಸುವ ಬದಲು ಒಂದು ಸೇತುವೆಯನ್ನು ಆರಿಸಿಕೊಂಡು, ಒಂದು ತಂಡ ಬಿಟ್ಟುಹೋದ ಬೋರ್ಡನ್ನೂ ಕನ್ನಡದಲ್ಲಿ ಬರೆದ ವರದಿಯನ್ನೂ ಮುಂದಿನ ತಂಡದ ಕೈಗೆ ಕೊಡಿ.